ಡೆವಲಪರ್ ಮೆನು ತೆರೆದ ಶುಕ್ರವಾರ

ನಾನು ಓದಿದ್ದು ಪಿಯುಸಿ, ಅದೂ ಕಾಮರ್ಸ್. ಮದುವೆಯಾಗಿ ಮಾದನಾಯಕನಹಳ್ಳಿಗೆ ಬಂದ ಮೇಲೆ ಟೈಪಿಂಗ್ ಕಲಿತು ಪೀಣ್ಯದ ಒಂದು ಫ್ಯಾಕ್ಟರಿಗೆ ಸೇರಿದೆ. ಪಂಪುಗಳಿಗೆ ಬೇಕಾಗುವ ಉಕ್ಕಿನ ಬಿಡಿಭಾಗಗಳನ್ನು ಅಲ್ಲಿ ಕೊರೆದು, ಉಜ್ಜಿ, ಅಳತೆ ನೋಡಿ ಕಳಿಸುತ್ತಾರೆ. ಯಾವ ಮಾಲು ಪಾಸು, ಯಾವುದು ರಿಜೆಕ್ಟು, ಯಾಕೆ ರಿಜೆಕ್ಟು ಅಂತ ರಿಜಿಸ್ಟರ್ ನೋಡಿ ಕಂಪ್ಯೂಟರಿಗೆ ತುಂಬಿ ರಿಪೋರ್ಟ್ ತೆಗೆಯುವುದು ನನ್ನ ಕೆಲಸ. ಹದಿನಾರು ವರ್ಷ ಇದನ್ನೇ ಮಾಡಿದೆ. ಬೇಜಾರಾಗುತ್ತಿತ್ತು ಅಂತಲ್ಲ. ಆದರೆ ಬೆಳಿಗ್ಗೆ ಎದ್ದು ‘ಇವತ್ತು ಏನಾಗುತ್ತೋ’ ಅಂದುಕೊಂಡು ಬಸ್ಸು ಹತ್ತಿದ ದಿನ ಒಂದೂ ನೆನಪಿಲ್ಲ.

ಎರಡು ವರ್ಷದ ಹಿಂದೆ ರಿಜಿಸ್ಟರುಗಳನ್ನೆಲ್ಲ ಕಟ್ಟಿ ಸ್ಟೋರಿನ ಅಟ್ಟಕ್ಕೆ ಹಾಕಿಸಿದರು. ಅದರ ಬದಲು ಒಂದು ಹೊಸ ಸಾಫ್ಟ್‌ವೇರ್ ಬಂತು. ಅದನ್ನು ಹಾಕಿಕೊಡಲು ವೈಟ್‌ಫೀಲ್ಡಿನ ಆಫೀಸಿನಿಂದ ಒಬ್ಬಳು ಇಂಜಿನಿಯರ್ ಹುಡುಗಿ ವಾರಕ್ಕೊಮ್ಮೆ ಮೆಟ್ರೋ ಹಿಡಿದು ಬರುತ್ತಿದ್ದಳು. ಮೊದಲ ದಿನ ಅವಳು ಪರದೆಯ ಮೇಲೆ ತೋರಿಸಿದ್ದು ನೋಡಿ ನಾನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ. ಪರದೆ ತುಂಬ ಚೌಕಗಳು, ಚೌಕಗಳ ನಡುವೆ ಬಾಣಗಳು. ಒಂದೊಂದು ಚೌಕಕ್ಕೂ ಒಂದೊಂದು ಕೆಲಸ. ಮೊದಲನೆಯದು ಅಳತೆಯನ್ನು ತೆಗೆದುಕೊಳ್ಳುತ್ತದೆ, ಎರಡನೆಯದು ಅದನ್ನು ಲೆಕ್ಕಕ್ಕೆ ಸಿದ್ಧಮಾಡುತ್ತದೆ, ಮೂರನೆಯದು ಪರೀಕ್ಷಿಸುತ್ತದೆ. ಅಲ್ಲಿಂದ ದಾರಿ ಎರಡಾಗುತ್ತದೆ: ಅಳತೆ ಮಿತಿಯೊಳಗಿದ್ದರೆ ಮಾಲು ಡಿಸ್ಪ್ಯಾಚಿಗೆ, ಮಿತಿ ಮೀರಿದರೆ ತಡೆ. ತಡೆ ಬಿದ್ದ ಕೂಡಲೇ ಸಂಬಂಧಪಟ್ಟವರ ಫೋನಿಗೆಲ್ಲ ಮೆಸೇಜು.

“ಕೋಡ್ ಬರೆಯೋದೇ ಬೇಡ ಮೇಡಂ. ಚೌಕ ಎಳೀರಿ, ಇಲ್ಲಿ ಬಿಡಿ, ಗೆರೆ ಜೋಡ್ಸಿ. ಅಷ್ಟೇ,” ಅಂದಳು.

ಟ್ರೈನಿಂಗಿಗೆ ನಮ್ಮ ಮ್ಯಾನೇಜರ್ ಸಾಹೇಬರು ಕೂರಬೇಕಿತ್ತು. ಅವರಿಗೆ ಮೀಟಿಂಗು. ಹಾಗಾಗಿ ಸಾಫ್ಟ್‌ವೇರಿನ ಪೂರ್ತಿ ಅಧಿಕಾರದ ಲಾಗಿನ್ ನನ್ನ ಕೈಗೆ ಬಂತು. ಹುಡುಗಿ ಹೊರಡುವ ಮುಂಚೆ ಪರದೆಯ ಮೇಲ್ತುದಿಗೆ ಬೆರಳು ತೋರಿಸಿದಳು. ಅಲ್ಲಿ ‘ಡೆವಲಪರ್’ ಅಂತ ಒಂದು ಮೆನು ಇತ್ತು.

“ಮಿಕ್ಕಿದ್ದೆಲ್ಲ ಆರಾಮಾಗಿ ಯೂಸ್ ಮಾಡಿ. ಇದೊಂದಕ್ಕೆ ಮಾತ್ರ ಕೈ ಹಾಕ್ಬೇಡಿ. ಇದು ನಮ್ಗೋಸ್ಕರ ಇರೋದು.”

ನಾನು ತಲೆಯಾಡಿಸಿದೆ. ಒಂದು ವರ್ಷ ಮಾತು ಉಳಿಸಿಕೊಂಡೆ. ಒಂದೆರಡು ಸಲ ಅದರ ಮೇಲೆ ಮೌಸ್ ತಂದು, ಕೆಳಗೆ ಇಳಿಯುವ ಪಟ್ಟಿಯನ್ನು ನೋಡಿ, ಮುಟ್ಟದೆ ವಾಪಸ್ ಬಂದದ್ದು ನಿಜ.

ನಮ್ಮಲ್ಲಿ ಅಳತೆ ನೋಡುವವರು ಒಬ್ಬ ಹಿರಿಯರು. ಬಾಗಲಕೋಟೆ ಕಡೆಯವರು. ಯುವಕರಾಗಿದ್ದಾಗ ಕಟ್ಟಡದ ಕೆಲಸಕ್ಕೆಂದು ಈ ಕಡೆಗೆ ಬಂದು, ಆಮೇಲೆ ಫ್ಯಾಕ್ಟರಿ ಸೇರಿ, ಹೆಲ್ಪರ್ ಆಗಿದ್ದವರು ಇನ್‌ಸ್ಪೆಕ್ಟರ್ ಆದರು. ಎಲ್ಲರೂ ಅವರನ್ನು ಕಾಕಾ ಅನ್ನುತ್ತೇವೆ. ತೂತಿನ ಒಳಗೆ ಗೇಜು ಇಳಿಸಿ ಮುಳ್ಳು ನೋಡುವಾಗ ಅವರು ಉಸಿರು ಹಿಡಿಯುತ್ತಾರೆ. ಪಕ್ಕದಲ್ಲಿ ಯಾರು ಮಾತಾಡಿಸಿದರೂ ಉತ್ತರ ಬರುವುದು ಗೇಜು ಹೊರಗೆ ತೆಗೆದ ಮೇಲೇ. ಹೊಸ ಸಾಫ್ಟ್‌ವೇರ್ ಬಂದಾಗ ಅವರ ಕೈಗೊಂದು ಟ್ಯಾಬ್ ಕೊಟ್ಟರು. ಅಳತೆಯನ್ನು ಅದರಲ್ಲೇ ಒತ್ತಬೇಕು; ಪಾಸೋ ರಿಜೆಕ್ಟೋ ಅಂತ ಸಾಫ್ಟ್‌ವೇರ್ ಹೇಳಿದ ಹಾಗೆ ಮಾಲು ಬೇರೆಯಾಗುತ್ತದೆ. ಕಾಕಾ ಎರಡೇ ದಿನದಲ್ಲಿ ಕಲಿತುಬಿಟ್ಟರು.

ಕಳೆದ ವರ್ಷ ಒಂದು ಶುಕ್ರವಾರ ಬೆಳಿಗ್ಗೆ ಗಿರಾಕಿಯೊಬ್ಬರಿಂದ ಒಂದು ಪೆಟ್ಟಿಗೆ ವಾಪಸ್ ಬಂತು. ಹನ್ನೊಂದು ಪೀಸು. ಹನ್ನೊಂದರಲ್ಲೂ ತೂತು ದೊಡ್ಡದು. ಚಿಕ್ಕದಿದ್ದರೆ ಮತ್ತೆ ಕೊರೆಯಬಹುದು, ದೊಡ್ಡದಾಗಿಬಿಟ್ಟರೆ ಆ ಪೀಸು ಗುಜರಿಗೇ. ಇಂಥವು ನಮ್ಮ ಗೇಟು ದಾಟಿ ಹೋಗಲೇಬಾರದು.

ಮ್ಯಾನೇಜರ್ ಸಾಹೇಬರು ಕಾಕಾನನ್ನೂ ನನ್ನನ್ನೂ ಕ್ಯಾಬಿನ್ನಿಗೆ ಕರೆಸಿದರು. ನಾನೇ ತೆಗೆದುಕೊಟ್ಟಿದ್ದ ರಿಪೋರ್ಟು ಮೇಜಿನ ಮೇಲಿತ್ತು. ಹನ್ನೊಂದು ಪೀಸಿನ ಎದುರಿಗೂ ‘ಓಕೆ’ ಅಂತ ಇತ್ತು. ಅಳತೆಯ ಕಾಲಂ ಮಾತ್ರ ಖಾಲಿ.

“ಅಳತೇನೇ ಹಾಕ್ದೆ ಓಕೆ ಮಾಡಿದೀರಲ್ಲ ಕಾಕಾ?”

“ಇಲ್ರೀ ಸಾಹೇಬ್ರ. ನಾ ಗೇಜ್ ಹಾಕಿ ನೋಡೇನಿ. ದೊಡ್ಡದ ಇತ್ತು. ದೊಡ್ಡದ ಅಂತನ ಬರದೇನಿ.”

“ಬರೆದಿದ್ರೆ ಇಲ್ಲಿ ಯಾಕೆ ಖಾಲಿ ಇದೆ?”

ಕಾಕಾ ಜೇಬಿನಿಂದ ಒಂದು ಸಣ್ಣ ಡೈರಿ ತೆಗೆದರು. ಟ್ಯಾಬ್ ಬಂದ ಮೇಲೂ ಅವರು ದಿನಾ ಅದರಲ್ಲಿ ಬರೆಯುವುದನ್ನು ಬಿಟ್ಟಿರಲಿಲ್ಲ. ಪುಟ ತಿರುವಿ ತೋರಿಸಿದರು. ಹನ್ನೊಂದು ಅಳತೆಯೂ ಇತ್ತು, ಮುದ್ದಾದ ಅಕ್ಷರದಲ್ಲಿ, ಪ್ರತಿಯೊಂದರ ಮುಂದೆ ಒಂದು ಅಡ್ಡಗೆರೆ ಎಳೆದು ‘ರಿಜೆಕ್ಟ್’ ಅಂತ.

ಸಾಹೇಬರು ಡೈರಿಯನ್ನು ಸರಿಯಾಗಿ ನೋಡಲೂ ಇಲ್ಲ. “ಡೈರಿ ಆಮೇಲೂ ಬರೀಬಹುದು. ಬೈತಾ ಇಲ್ಲ ನಾನು. ವಯಸ್ಸಾಯ್ತು, ಕಣ್ಣು ದಣಿಯುತ್ತೆ. ಸೋಮವಾರದಿಂದ ಸ್ಟೋರಿನಲ್ಲಿ ಕೂತ್ಕೊಳ್ಳಿ. ಟ್ಯಾಬ್ ಬೇರೆಯವರಿಗೆ ಕೊಡೋಣ.”

ಕಾಕಾ ಡೈರಿಯನ್ನು ಜೇಬಿಗೆ ಹಾಕಿ, ಗುಂಡಿ ಹಾಕಿಕೊಂಡು ಹೊರಗೆ ನಡೆದರು. ಯಂತ್ರಗಳಿರುವ ಶಾಪ್ ಫ್ಲೋರಿನ ಬಾಗಿಲ ಹತ್ತಿರ ನಾನು ಅವರನ್ನು ಹಿಡಿದೆ.

“ನೀ ನಂಬ್ತಿಯೇನವಾ?” ಅಂತ ಕೇಳಿದರು.

“ನಂಬ್ತೀನಿ ಕಾಕಾ.”

“ಹಂಗಾದ್ರ ಸಾಕು,” ಅಂದರು. ಸಾಕು ಅಂದರೂ ಅಷ್ಟಕ್ಕೇ ಸಮಾಧಾನವಾದವರ ಮುಖ ಅದಾಗಿರಲಿಲ್ಲ.

ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ಗೊತ್ತಿರಲಿಲ್ಲ. ರಿಪೋರ್ಟ್ ತೆಗೆದವಳು ನಾನೇ. ಖಾಲಿ ಕಾಲಂ ನನ್ನ ಕಣ್ಣೆದುರೇ ಹೋಗಿತ್ತು. ‘ಓಕೆ’ ಅಂತ ಇದ್ದದ್ದರಿಂದ ಪಕ್ಕದ ಕಾಲಂ ನೋಡುವ ಅಭ್ಯಾಸ ನನಗೂ ತಪ್ಪಿಹೋಗಿತ್ತು.

ವೈಟ್‌ಫೀಲ್ಡಿನ ಹುಡುಗಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಅವಳು ಬೆಳ್ಳಂದೂರಿನ ಯಾವುದೋ ಬೇರೆ ಕೆಲಸದಲ್ಲಿ ಸಿಕ್ಕಿಹಾಕಿಕೊಂಡಿದ್ದಳು.

“ಮೇಡಂ, ಒಳಗಡೆ ಹೋಗಿ ಒಂದೊಂದು ಸ್ಟೆಪ್ಪೂ ನೋಡ್ಬೇಕು. ವೆಡ್ನೆಸ್‌ಡೇ ಬಂದ್ಬಿಡ್ತೀನಿ.”

“ಬುಧವಾರದ ತನಕ ಕಾಯೋಕಾಗಲ್ಲಮ್ಮ. ಸೋಮವಾರ ಒಬ್ಬರನ್ನ ಜಾಗದಿಂದ ಎಬ್ಬಿಸ್ತಾರೆ.” ಒಂದು ಕ್ಷಣ ತಡೆದು ಕೇಳಿಯೇಬಿಟ್ಟೆ: “ಡೆವಲಪರ್ ಮೆನು ನಾನೇ ತೆಗೀಲಾ?”

ಅವಳು ನಕ್ಕಳು. “ತೆಗೀರಿ. ಆದ್ರೆ ಫಸ್ಟು ‘ಟೆಸ್ಟ್ ಮೋಡ್’ ಆನ್ ಮಾಡಿ. ಅದು ಆನ್ ಇದ್ರೆ ಯಾರಿಗೂ ನಿಜವಾದ ಮೆಸೇಜ್ ಹೋಗಲ್ಲ, ಯಾವ ಮಾಲೂ ನಿಲ್ಲಲ್ಲ. ಬರೀ ನಾಟಕ.”

ಊಟದ ಸೈರನ್ ಆಗಿತ್ತು. ಎಲ್ಲರೂ ಕ್ಯಾಂಟೀನಿಗೆ ಹೋದರು. ನಾನು ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಆ ಮೆನು ತೆರೆದೆ.

ಈಗಲೂ ನೆನೆಸಿಕೊಂಡರೆ ಮೈ ಜುಂ ಅನ್ನುತ್ತದೆ. ಹೊರಗಿನಿಂದ ನೋಡಿದಾಗ ಚೌಕಗಳು ಬರೀ ಚೌಕಗಳಾಗಿದ್ದವು. ಆ ಮೆನು ತೆರೆದ ಮೇಲೆ ಪ್ರತಿ ಚೌಕದ ಹೊಟ್ಟೆಯೊಳಗೆ ಏನು ನಡೆಯುತ್ತಿದೆ ಅಂತ ಕಾಣತೊಡಗಿತು. ‘ಸ್ಟೆಪ್’ ಅನ್ನುವ ಗುಂಡಿ ಒತ್ತಿದರೆ ಕೆಲಸ ಒಂದೇ ಒಂದು ಚೌಕ ಮುಂದೆ ಹೋಗಿ ನಿಲ್ಲುತ್ತದೆ. ಚೌಕದ ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಇಟ್ಟರೆ, ಏನೇ ಬಂದರೂ ಅಲ್ಲಿಗೆ ಬಂದು ನಿಂತು ನನ್ನ ಅಪ್ಪಣೆಗೆ ಕಾಯುತ್ತದೆ. ಬಲಗಡೆ ಒಂದು ಕಿಟಕಿ. ಚೌಕದೊಳಗೆ ಏನು ಬಂತು, ಏನಾಗಿ ಹೊರಗೆ ಹೋಯಿತು ಅಂತ ಅದರಲ್ಲಿ ಕಾಣುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ‘ರೀಪ್ಲೇ’ ಅಂತ ಒಂದಿತ್ತು. ಹಿಂದೆ ನಡೆದುಹೋದ ಯಾವುದೇ ಪೀಸಿನ ತಪಾಸಣೆಯನ್ನು ಅದೇ ಅಳತೆಯೊಂದಿಗೆ ಮತ್ತೆ ಮೊದಲಿಂದ ನಡೆಸಬಹುದು. ನಡೆದುಹೋದ ದಿನವನ್ನು ಹಿಂದಕ್ಕೆ ಕರೆದು, “ಬಾ, ಇಲ್ಲಿ ನಿಲ್ಲು, ಏನಾಯ್ತು ಹೇಳು” ಅಂತ ಕೇಳುವ ಅಧಿಕಾರ! ಹದಿನಾರು ವರ್ಷದಲ್ಲಿ ಯಾರೂ ನನಗೆ ಇಷ್ಟು ದೊಡ್ಡ ಅಧಿಕಾರ ಕೊಟ್ಟಿರಲಿಲ್ಲ.

ಆತುರದಲ್ಲಿ ಒಂದು ಎಡವಟ್ಟು ಮಾಡಿದೆ. ಟೆಸ್ಟ್ ಮೋಡ್ ಆನ್ ಮಾಡಿದ್ದೆ, ನಿಜ. ನಡುವೆ ಪೇಜು ಸಿಕ್ಕಿಕೊಂಡಂತಾಗಿ ರಿಫ್ರೆಶ್ ಮಾಡಿದೆ. ಅದು ಆಫ್ ಆಗಿದ್ದು ಗಮನಿಸಲಿಲ್ಲ. ತಡೆ ಬೀಳುವ ದಾರಿ ಸರಿಯಾಗಿದೆಯಾ ನೋಡೋಣ ಅಂತ ಹಳೆಯ ರಿಜೆಕ್ಟ್ ಪೀಸೊಂದನ್ನು ಓಡಿಸಿದೆ. ಎರಡು ನಿಮಿಷಕ್ಕೆ ಡಿಸ್ಪ್ಯಾಚಿನಲ್ಲಿ ಪೆಟ್ಟಿಗೆ ಎತ್ತುವ ಫೋರ್ಕ್‌ಲಿಫ್ಟ್ ಓಡಿಸುವ ಅಣ್ಣ ಬಾಯಲ್ಲಿ ಅನ್ನ ಇಟ್ಟುಕೊಂಡೇ ಓಡಿ ಬಂದರು.

“ಅಕ್ಕಾ, ಮಾಲು ಸ್ಟಾಪ್ ಅಂತ ಮೆಸೇಜ್ ಬಂತು! ಎಲ್ಲಾ ಇಳಿಸ್ಬೇಕಾ?”

“ಇಲ್ಲ ಅಣ್ಣ, ಇಲ್ಲ! ಅದು ಟೆಸ್ಟು. ನಂದೇ ತಪ್ಪು.”

“ಏನಕ್ಕಾ ನೀವು, ಊಟಾನೂ ಬಿಟ್ಟು ಬಂದ್ಬಿಟ್ಟೆ,” ಅಂದು ಬಾಯಿ ಒರೆಸಿಕೊಳ್ಳುತ್ತಾ ಹೋದರು. ಅವತ್ತಿಂದ ಇವತ್ತಿನವರೆಗೂ ಯಾವ ಗುಂಡಿ ಒತ್ತುವ ಮುಂಚೆಯೂ ಮೇಲ್ಗಡೆಯ ಹಳದಿ ಪಟ್ಟಿ ಇದೆಯಾ ಅಂತ ನೋಡುತ್ತೇನೆ. ಹಳದಿ ಇದ್ದರೆ ಟೆಸ್ಟು.

ಹಳದಿ ಪಟ್ಟಿ ಬಂದ ಮೇಲೆ ಹನ್ನೊಂದರಲ್ಲಿ ಮೊದಲನೆಯ ಪೀಸನ್ನು ರೀಪ್ಲೇ ಮಾಡಿದೆ. ಮೊದಲನೇ ಚೌಕ ಹಸಿರಾಯಿತು. ಕಿಟಕಿಯಲ್ಲಿ ನೋಡಿದೆ: ಅಳತೆ ೨೫.೦೯. ಕಾಕಾನ ಡೈರಿಯಲ್ಲಿ ಇದ್ದದ್ದೂ ಅದೇ! ಅವರು ಒತ್ತಿದ್ದರು. ಅದು ಒಳಗೆ ಬಂದಿತ್ತು. ಇನ್ನೊಂದು ಹೆಜ್ಜೆ ಒತ್ತಿದೆ. ಎರಡನೇ ಚೌಕ ಅಳತೆಯನ್ನು ಲೆಕ್ಕಕ್ಕೆ ಸಿದ್ಧಮಾಡುವ ಚೌಕ. ಅದೂ ಹಸಿರಾಯಿತು. ಕಿಟಕಿಯಲ್ಲಿ ಖಾಲಿ. ಒಳಗೆ ಹೋದದ್ದು ೨೫.೦೯, ಹೊರಗೆ ಬಂದದ್ದು ಏನೂ ಇಲ್ಲ. ಮೂರನೇ ಚೌಕ ‘25.02ಕ್ಕಿಂತ ಜಾಸ್ತಿ ಇದೆಯಾ?’ ಅಂತ ಕೇಳಿತು. ಖಾಲಿ ಯಾವುದಕ್ಕಿಂತ ಜಾಸ್ತಿ ಇದ್ದೀತು? ‘ಇಲ್ಲ’ ಅನ್ನುವ ದಾರಿ ಹಿಡಿದು ಸೀದಾ ಡಿಸ್ಪ್ಯಾಚಿಗೆ. ಓಕೆ!

ಕಳ್ಳತನ ನಡೆದ ಕೋಣೆ ಗೊತ್ತಾಗಿತ್ತು. ಹೇಗೆ ಅಂತ ಗೊತ್ತಿರಲಿಲ್ಲ. ಮೂರು ಸಲ ಓಡಿಸಿದೆ. ಮೂರು ಸಲವೂ ಎರಡನೇ ಚೌಕದಲ್ಲೇ ಮಾಯ. ನಾನು ‘೨೫.೦೯’ ಅಂತ ಓದುತ್ತಲೇ ಇದ್ದೆ. ಸರಿಯಾಗೇ ಇದೆಯಲ್ಲ, ಇದಕ್ಕೇನು ಬಂತು ಧಾಡಿ ಅಂತ. ಕೊನೆಗೆ ಸರಿಯಾಗಿ ಪಾಸಾದ ಪೀಸೊಂದನ್ನು ತಂದು ಪಕ್ಕದಲ್ಲಿಟ್ಟು ಓಡಿಸಿದೆ. 25.01 ಒಳಗೆ ಹೋಯಿತು, 25.01 ಹೊರಗೆ ಬಂತು.

ಆಗ ಕಂಡಿತು. ಎರಡೂ ಅಕ್ಕಪಕ್ಕ ಇದ್ದಾಗ ಕಂಡಿತು. ಒಂದು ಇಂಗ್ಲಿಷ್ ಅಂಕಿ, ಇನ್ನೊಂದು ಕನ್ನಡ ಅಂಕಿ! ಬಸ್ಸಿನ ಬೋರ್ಡಿನಲ್ಲಿ, ಕ್ಯಾಲೆಂಡರಿನಲ್ಲಿ ದಿನಾ ಎರಡನ್ನೂ ಓದುವ ನನ್ನ ಕಣ್ಣಿಗೆ ಎರಡೂ ಒಂದೇ ಆಗಿದ್ದವು. ಸಾಫ್ಟ್‌ವೇರಿಗೆ ಕನ್ನಡದ್ದು ಅಂಕಿಯೇ ಅಲ್ಲ.

ನಾನು ಒಬ್ಬಳೇ ಕೂತಲ್ಲೇ “ಅಯ್ಯೋ!” ಅಂತ ಕೂಗಿದೆ. ಚಪ್ಪಲಿ ಹಾಕಿಕೊಳ್ಳದೆ, ಸೇಫ್ಟಿ ಶೂ ಮಾತು ಹಾಗಿರಲಿ, ಬರಿಗಾಲಲ್ಲೇ ಶಾಪ್ ಫ್ಲೋರಿಗೆ ಓಡಿದೆ.

ಊಟದ ಹೊತ್ತು ಮುಗಿದಿತ್ತು; ಕಾಕಾ ತಮ್ಮ ಮೇಜಿನ ಬಳಿ ಇದ್ದರು. ಸೋಮವಾರ ಬರುವವರಿಗಾಗಿ ಗೇಜುಗಳನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ಸಾಲಾಗಿ ಇಡುತ್ತಿದ್ದರು.

“ಕಾಕಾ, ಒಂದು ಪೀಸು ಅಳೆದು ಟ್ಯಾಬಲ್ಲಿ ಒತ್ತಿ. ನಾನು ನೋಡ್ಬೇಕು.”

ಒತ್ತಿದರು. ಇಂಗ್ಲಿಷ್ ಅಂಕಿಯೇ ಬಂತು. ನನ್ನ ಉತ್ಸಾಹ ಅರ್ಧ ಇಳಿಯಿತು. ಇನ್ನೊಂದು, ಮತ್ತೊಂದು. ಎಲ್ಲವೂ ಇಂಗ್ಲಿಷ್. ನಾಲ್ಕನೇ ಪೀಸಿನ ಅಂಚು ಸ್ವಲ್ಪ ಒರಟಾಗಿತ್ತು. ಕಾಕಾ ಷರಾ ಬರೆಯುವ ಜಾಗಕ್ಕೆ ಹೋಗಿ, ಕೀಬೋರ್ಡು ಕನ್ನಡಕ್ಕೆ ಬದಲಿಸಿ ‘ಅಂಚು ಒರಟು ಐತಿ’ ಅಂತ ಬರೆದರು. ಐದನೇ ಪೀಸು ಎತ್ತಿಕೊಂಡರು. ಗೇಜು ಇಳಿಸಿದರು, ಉಸಿರು ಹಿಡಿದರು, ಮುಳ್ಳು ನೋಡಿದರು, ಒತ್ತಿದರು. ಕೀಬೋರ್ಡು ಇನ್ನೂ ಕನ್ನಡದಲ್ಲೇ ಇತ್ತು. ೨೫.೦೦.

“ಸಿಕ್ತು ಕಾಕಾ! ಸಿಕ್ತು!”

ಲೇತಿನ ಹತ್ತಿರ ಇದ್ದವರೆಲ್ಲ ತಿರುಗಿ ನೋಡಿದರು. ನಾನು ಕಾಕಾನಿಗೆ ಬಿಡಿಸಿ ಹೇಳಿದೆ. ಷರಾ ಬರೆದ ಮೇಲೆ ಕೀಬೋರ್ಡು ವಾಪಸ್ ಬದಲಿಸುವ ತನಕ ಬರುವ ಪೀಸುಗಳ ಅಳತೆಯೆಲ್ಲ ಕನ್ನಡದಲ್ಲಿ ಬೀಳುತ್ತದೆ. ಆ ಪೀಸು ಚೆನ್ನಾಗಿದ್ದರೆ ಓಕೆ ಅನ್ನುವುದು ಸರಿಯೇ, ಯಾರಿಗೂ ಗೊತ್ತಾಗುವುದಿಲ್ಲ. ಕೆಟ್ಟದಿದ್ದರೂ ಓಕೆ ಅನ್ನುತ್ತದೆ. ಹನ್ನೊಂದು ಪೀಸು ದಾಟಿದ್ದು ಹೀಗೆ.

ಕಾಕಾ ಟ್ಯಾಬನ್ನೇ ನೋಡುತ್ತಾ ನಿಂತರು. “ಕನ್ನಡ ಅಂಕಿ ಬರದದ್ದ ನನ್ನ ತಪ್ಪೇನವಾ?”

“ನಿಮ್ಮ ತಪ್ಪಲ್ಲ. ನೀವು ಸರಿಯಾಗೇ ಬರೆದಿದ್ರಿ. ಅದಕ್ಕೆ ಓದೋಕೆ ಬರ್ಲಿಲ್ಲ.”

“ಓದಾಕ ಬರದಿದ್ರ ಬರಂಗಿಲ್ಲ ಅಂತ ಹೇಳ್ಬೇಕಲ್ಲ! ಸುಮ್ನ ಪಾಸ್ ಮಾಡೂದೇನು?”

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ವೈಟ್‌ಫೀಲ್ಡಿನ ಹುಡುಗಿಗೆ ಪರದೆಯ ಫೋಟೋ ಕಳಿಸಿದೆ. ಐದು ನಿಮಿಷಕ್ಕೆ ಅವಳೇ ಫೋನ್ ಮಾಡಿದಳು.

“ಮೇಡಂ, ನೀವೇ ಹಿಡಿದ್ರಾ ಇದನ್ನ? ಸಕ್ಕತ್! ನಾನಾಗಿದ್ರೆ ಎರಡು ದಿನ ತಲೆ ಕೆರ್ಕೊಂಡಿರ್ತಿದ್ದೆ. ಸರಿ, ಅವರಿಗೆ ಇಂಗ್ಲಿಷ್ ಕೀಬೋರ್ಡಲ್ಲೇ ಹೊಡೀರಿ ಅಂತ ಹೇಳ್ಬಿಡಿ, ಮುಗೀತು.”

“ಅವರಿಗೆ ಯಾಕಮ್ಮ ಹೇಳ್ಬೇಕು? ಸಾಫ್ಟ್‌ವೇರಿಗೆ ಹೇಳೋಣ.”

“ಪಾಯಿಂಟೇ,” ಅಂದಳು. ಕನ್ನಡದ ಹತ್ತು ಅಂಕಿಗಳನ್ನು ಇಂಗ್ಲಿಷಿಗೆ ಬದಲಿಸುವ ಒಂದು ಚೌಕವನ್ನು ಹೇಗೆ ಮಾಡುವುದು ಅಂತ ಫೋನಿನಲ್ಲೇ ಹೇಳಿಕೊಟ್ಟಳು. ನಾನು ಹಳೆಯ ಇನ್‌ಸ್ಪೆಕ್ಷನ್ ಫಾರಂ ಒಂದರ ಹಿಂಬದಿಯಲ್ಲಿ ಬರೆದುಕೊಂಡೆ. ಅಷ್ಟರಲ್ಲಿ ಶಿಫ್ಟ್ ಬಸ್ಸು ಹಾರನ್ ಹೊಡೆಯಿತು.

ಅವತ್ತು ಸಂಜೆ ಮನೆಗೆ ಹೋದವಳು ಕೈಕಾಲು ತೊಳೆಯುವ ಮುಂಚೆಯೇ ಅತ್ತೆಗೆ ಎಲ್ಲವನ್ನೂ ಹೇಳಿದೆ. ಅತ್ತೆ ಮಾದನಾಯಕನಹಳ್ಳಿಯಲ್ಲೇ ಹುಟ್ಟಿ ಬೆಳೆದವರು. ಈಗ ಗೋಡೌನುಗಳಿರುವ ಜಾಗದಲ್ಲಿ ಒಂದು ಕಾಲದಲ್ಲಿ ಕೆರೆ ನೀರು ಕಟ್ಟಿ ತರಕಾರಿ ಬೆಳೆಯುತ್ತಿದ್ದರು. ಮುದ್ದೆ ತೊಳಸುತ್ತಾ ಕೇಳಿಸಿಕೊಂಡರು. ಕೆಂಪು ಚುಕ್ಕೆ ಇಟ್ಟು ಒಂದೊಂದೇ ಚೌಕದಲ್ಲಿ ನಿಲ್ಲಿಸಿ ನೋಡುವುದನ್ನು ಹೇಳಿದಾಗ ಕೋಲು ನಿಲ್ಲಿಸಿದರು.

“ಅದ್ರಾಗೇನೈತೆ ಒಸದು? ತ್ವಾಟದ ಕೊನೆ ಪಾತಿಗೆ ನೀರ್ ಬರ್ನಿಲ್ಲ ಅಂದ್ರೆ ನಾವೂ ಅಂಗೇ ಮಾಡ್ತಿದ್ವಿ. ಕಾಲ್ವೇಲಿ ಒಂದೊಂದ್ ಕಡೇನೂ ಮಣ್ಣಾಕಿ ಅಡ್ಡ ಕಟ್ಟೋದು. ನೀರ್ ಇಲ್ಲಿಗಂಟ ಬಂತಾ? ಬಂತು. ಮುಂದುಕ್ಕೆ ಓಗು. ಎಲ್ಲಿ ಬರ್ನಿಲ್ವೋ ಅಲ್ಲಿ ಇಲಿ ಬಿಲ ಐತೆ ಅಂತ.”

ನಾನು ಅರ್ಧ ದಿನ ಒದ್ದಾಡಿ ಕಲಿತದ್ದನ್ನು ಅತ್ತೆ ಮುದ್ದೆ ಕಟ್ಟುವಷ್ಟರಲ್ಲಿ ಹೇಳಿ ಮುಗಿಸಿದ್ದರು. “ಇಲಿ ಬಿಲ ಮುಚ್ಚಿದ್ಯಾ?” ಅಂತ ಕೇಳಿದರು. ನಾಳೆ ಮುಚ್ಚುತ್ತೇನೆ ಅಂದೆ.

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ. ಮೊದಲು ಅಂಕಿ ಬದಲಿಸುವ ಚೌಕ. ಕಾಕಾನ ಮಾತು ನೆನಪಿಟ್ಟುಕೊಂಡು ಇನ್ನೊಂದು ಚೌಕವನ್ನೂ ನಾನಾಗಿಯೇ ಸೇರಿಸಿದೆ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಳತೆ ಖಾಲಿ ಬಂದರೆ ಓಕೆ ಅನ್ನಬೇಡ, ತಡೆ ಹಾಕಿ ‘ನನಗೆ ಓದಲು ಬರಲಿಲ್ಲ’ ಅಂತ ಹೇಳು. ಹಳದಿ ಪಟ್ಟಿ ನೋಡಿಕೊಂಡೆ. ಕೆಂಪು ಚುಕ್ಕೆ ಇಟ್ಟೆ. ರೀಪ್ಲೇ. ೨೫.೦೯ ಒಳಗೆ ಹೋಯಿತು, ಹೊಸ ಚೌಕದಿಂದ 25.09 ಆಗಿ ಹೊರಗೆ ಬಂತು, 25.02ರ ಪ್ರಶ್ನೆಗೆ ‘ಹೌದು, ಜಾಸ್ತಿ’ ಅಂದಿತು, ಬಾಣ ತಡೆಯ ಕಡೆಗೆ ತಿರುಗಿತು. ರಿಜೆಕ್ಟ್! ಒಂದು ಪೀಸು ರಿಜೆಕ್ಟ್ ಆದದ್ದಕ್ಕೆ ನಾನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಹನ್ನೊಂದನ್ನೂ ಓಡಿಸಿದೆ. ಹನ್ನೊಂದೂ ರಿಜೆಕ್ಟ್.

ಹತ್ತೂವರೆ ಚಹಾ ಆದ ಮೇಲೆ ಸಾಹೇಬರನ್ನು ಕರೆತಂದು ಕೂರಿಸಿದೆ. ಒಂದೊಂದೇ ಹೆಜ್ಜೆ ತೋರಿಸಿದೆ. ಮೊದಲೆರಡು ನಿಮಿಷ ಅವರು ಫೋನ್ ನೋಡುತ್ತಿದ್ದರು. ಖಾಲಿಯಾಗುವ ಚೌಕ ಬಂದಾಗ ಫೋನ್ ಕೆಳಗಿಟ್ಟರು.

“ಇನ್ನೊಂದ್ಸಲ ತೋರ್ಸಿ.”

ತೋರಿಸಿದೆ.

“ಅಂದ್ರೆ ಅವರು ಅಳತೆ ಹಾಕಿದ್ರು.”

“ಹಾಕಿದ್ರು ಸಾರ್. ಹನ್ನೊಂದೂ. ಡೈರಿಯಲ್ಲಿ ಇದ್ದದ್ದೇ ಇಲ್ಲೂ ಇದೆ.”

ಅವರು ಗಲ್ಲ ಉಜ್ಜಿಕೊಂಡರು. ಆಮೇಲೆ ಕೇಳಿದ ಪ್ರಶ್ನೆ ನಾನು ಯೋಚಿಸಿಯೇ ಇರದ ಪ್ರಶ್ನೆ. “ಹನ್ನೊಂದು ವಾಪಸ್ ಬಂದಿದ್ದು ಸರಿ. ಇನ್ನೂ ಹೋಗದೆ ಇಲ್ಲೇ ಇರೋವು ಎಷ್ಟಿವೆ?”

ಆ ವಾರದಲ್ಲಿ ಪಾಸಾದ ಪೀಸುಗಳನ್ನೆಲ್ಲ ಒಟ್ಟಿಗೆ ರೀಪ್ಲೇಗೆ ಹಾಕಿದೆ. ಪಟ್ಟಿ ಮೇಲಿಂದ ಕೆಳಗೆ ಹಸಿರು, ಹಸಿರು, ಹಸಿರು ಅಂತ ಇಳಿಯಿತು. ಸಾಹೇಬರು ನನ್ನ ಕುರ್ಚಿಯ ಹಿಂದೆ ನಿಂತು ಬಗ್ಗಿ ನೋಡುತ್ತಿದ್ದರು. ಒಂದು ಕೆಂಪು. ಸ್ವಲ್ಪ ಕೆಳಗೆ ಇನ್ನೊಂದು. ಎರಡೂ ಒಂದೇ ಪೆಟ್ಟಿಗೆಯವು. ಆ ಪೆಟ್ಟಿಗೆ ಎಲ್ಲಿದೆ ಅಂತ ನೋಡಿದರೆ, ಲೋಡಿಂಗ್ ಆಗುತ್ತಿದ್ದ ಲಾರಿಯಲ್ಲಿ!

“ನಿಲ್ಸಿ, ನಿಲ್ಸಿ!” ಅಂದರು ಸಾಹೇಬರು.

ಟೆಸ್ಟ್ ಮೋಡ್ ತೆಗೆದೆ. ಹೊಸ ಚೌಕಗಳನ್ನು ಚಾಲೂ ಮಾಡಿದೆ. ಆ ಎರಡು ಪೀಸುಗಳನ್ನು ನಿಜವಾಗಿ ಓಡಿಸಿದೆ. ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಫೋರ್ಕ್‌ಲಿಫ್ಟ್ ಅಣ್ಣ ಜೇಬಿನಿಂದ ಫೋನ್ ತೆಗೆದು ನೋಡಿದರು. ಆಮೇಲೆ ತಲೆಯೆತ್ತಿ ನಮ್ಮ ಕಿಟಕಿಯ ಕಡೆ ನೋಡಿದರು. ಓಡಲಿಲ್ಲ. ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು:

“ಅಕ್ಕಾ, ಇದು ನಿಜದ್ದಾ, ಟೆಸ್ಟಾ?”

“ನಿಜದ್ದು ಅಣ್ಣ! ಇಳಿಸಿ!”

ಸಾಹೇಬರು ಅಲ್ಲಿಂದ ಸೀದಾ ಕಾಕಾನ ಮೇಜಿಗೆ ಹೋದರು. ನಾನೂ ಹಿಂದೆಯೇ ಹೋದೆ. ಲಾರಿಯಿಂದ ಇಳಿಸಿದ ಆ ಎರಡು ಪೀಸನ್ನು ತರಿಸಿ ಮೇಜಿನ ಮೇಲಿಟ್ಟರು. “ಕಾಕಾ, ಸೋಮವಾರ ಇಲ್ಲೇ ಇರಿ,” ಅಂದರು. ತಪ್ಪಾಯಿತು ಅನ್ನಲಿಲ್ಲ. ಅನ್ನಲು ಬಾಯಿ ತೆರೆದಂತೆ ಮಾಡಿ, ಬದಲಿಗೆ “ಇವೆರಡನ್ನ ಇನ್ನೊಮ್ಮೆ ನೋಡ್ಬಿಡಿ” ಅಂದರು.

ಕಾಕಾ ಗೇಜನ್ನು ಅವರ ಕಡೆಗೇ ಚಾಚಿದರು. “ನೀವ ಒಮ್ಮೆ ನೋಡ್ರಿ ಸಾಹೇಬ್ರ.”

ಸಾಹೇಬರೂ ಒಂದು ಕಾಲಕ್ಕೆ ಶಾಪಿನಲ್ಲಿ ನಿಂತು ಕೆಲಸ ಕಲಿತವರೇ. ಆದರೆ ಗೇಜು ಹಿಡಿದು ಎಷ್ಟೋ ವರ್ಷವಾಗಿತ್ತು. ಮೊದಲನೇ ಸಲ ಓರೆಯಾಗಿ ಇಳಿಸಿದರು, ಮುಳ್ಳು ಎಲ್ಲೋ ಹೋಯಿತು. ಕಾಕಾ ಅವರ ಮಣಿಕಟ್ಟನ್ನು ಎರಡು ಬೆರಳಿನಿಂದ ಮೆಲ್ಲಗೆ ನೆಟ್ಟಗೆ ಮಾಡಿದರು. “ಉಸರ ಹಿಡೀರಿ. ಈಗ ನೋಡ್ರಿ.” ಎರಡನೇ ಸಲ ಮುಳ್ಳು ನಿಂತಿತು. ಸಾಹೇಬರು ಅಳತೆ ಓದಿದರು. ಟ್ಯಾಬಿನಲ್ಲಿ ಇದ್ದದ್ದೇ.

“ಹೌದು ಕಾಕಾ,” ಅಂದರು. ಇಬ್ಬರ ನಡುವೆ ಅಷ್ಟೇ ಮಾತು ನಡೆದದ್ದು. ಆದರೆ ಸಾಹೇಬರು ಹೋದ ಮೇಲೆ ಕಾಕಾ ಒರೆಸಿ ಸಾಲಾಗಿಟ್ಟಿದ್ದ ಗೇಜುಗಳನ್ನೆಲ್ಲ ಮತ್ತೆ ತಮಗೆ ಬೇಕಾದ ಹಾಗೆ, ಎಡಕ್ಕೆ ಎರಡು, ಬಲಕ್ಕೆ ಮೂರು, ಹರಡಿಕೊಂಡರು. ಒಳಗೊಳಗೇ ಏನೋ ಗುನುಗುತ್ತಿದ್ದರು.

ಬುಧವಾರ ವೈಟ್‌ಫೀಲ್ಡಿನ ಹುಡುಗಿ ಬಂದಳು. ನಾನು ಮಾಡಿದ ಚೌಕಗಳನ್ನು ಒಂದೊಂದಾಗಿ ತೆರೆದು ನೋಡಿದಳು. ಖಾಲಿ ಬಂದರೆ ತಡೆ ಹಾಕುವ ಚೌಕದ ಹತ್ತಿರ ಬಂದು ನಿಂತಳು.

“ಇದನ್ನ ಮಾಡಿ ಅಂತ ನಾನು ಹೇಳಿರ್ಲಿಲ್ವಲ್ಲ?”

“ಇಲ್ಲ. ಅದು ಕಾಕಾನ ಐಡಿಯಾ. ನಾನು ಜೋಡಿಸಿದೆ ಅಷ್ಟೇ.”

“ಇದನ್ನ ನಾವು ಶುರುವಿನಲ್ಲೇ ಹಾಕ್ಬೇಕಿತ್ತು ಅಕ್ಕಾ,” ಅಂದಳು. ಅವತ್ತಿನಿಂದ ನಾನು ಮೇಡಂ ಅಲ್ಲ, ಅಕ್ಕ. “ನೀವು ಒಂದ್ಸಲ ನಮ್ಮ ಆಫೀಸಿಗೆ ಬಂದು ನಮ್ಮ ಟೀಮಿಗೆ ಇದನ್ನ ತೋರಿಸ್ತೀರಾ?”

ನಾನು ನಕ್ಕುಬಿಟ್ಟೆ. ತಮಾಷೆ ಅಂದುಕೊಂಡಿದ್ದೆ. ಮುಂದಿನ ವಾರ ಅವಳು ಸಾಹೇಬರಿಗೇ ಪತ್ರ ಬರೆದಳು, ಸಾಹೇಬರು ನನ್ನನ್ನು ಕರೆದು “ಹೋಗಿ ಬನ್ನಿ, ಅವತ್ತು ಆನ್ ಡ್ಯೂಟಿ” ಅಂದರು.

ಪೀಣ್ಯದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ ವೈಟ್‌ಫೀಲ್ಡಿಗೆ ಹೋದೆ. ಈ ಮಹಾನಗರದಲ್ಲಿ ಇಷ್ಟು ವರ್ಷ ಇದ್ದರೂ ಆ ಕಡೆಗೆ ಕಾಲಿಟ್ಟವಳಲ್ಲ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಇಂಗ್ಲಿಷಿನಲ್ಲಿ ಹೇಳಬೇಕಾದೀತು ಅಂತ ನಾಲ್ಕು ಸಾಲು ಬಾಯಿಪಾಠ ಮಾಡಿದ್ದೆ. ಅಲ್ಲಿ ಗಾಜಿನ ಕೋಣೆಯಲ್ಲಿ ಎಂಟೊಂಬತ್ತು ಜನ ಕೂತಿದ್ದರು, ಎಲ್ಲರ ಮುಂದೆ ಲ್ಯಾಪ್‌ಟಾಪು. ಬಾಯಿಪಾಠ ಮಾಡಿದ್ದ ಮೊದಲ ಸಾಲು ಹೇಳಿದೆ. ಎರಡನೆಯದು ಮರೆತುಹೋಯಿತು. ಹುಡುಗಿ, “ಅಕ್ಕಾ, ಕನ್ನಡದಲ್ಲೇ ಹೇಳಿ. ಗೊತ್ತಾಗದೋರಿಗೆ ನಾನು ಹೇಳ್ತೀನಿ,” ಅಂದಳು. ಆಮೇಲೆ ನಿಲ್ಲಲಿಲ್ಲ. ಹಳದಿ ಪಟ್ಟಿ ಆಫ್ ಆಗಿ ಫೋರ್ಕ್‌ಲಿಫ್ಟ್ ಅಣ್ಣ ಅನ್ನ ಬಿಟ್ಟು ಓಡಿಬಂದದ್ದು ಹೇಳಿದಾಗ ಎಲ್ಲರೂ ನಕ್ಕರು. ಹಿಂದಿನ ಸಾಲಿನ ಒಬ್ಬರು ಮಾತ್ರ ನಗದೆ ಬರೆದುಕೊಂಡು, “ರಿಫ್ರೆಶ್ ಮಾಡಿದ್ರೂ ಟೆಸ್ಟ್ ಮೋಡ್ ಹೋಗಬಾರದು, ಅದು ನಮ್ಮ ತಪ್ಪು” ಅಂದರು.

ಕನ್ನಡ ಅಂಕಿಯ ಚೌಕವನ್ನು ಎಲ್ಲರಿಗೂ ಸಿಗುವ ಹಾಗೆ ಸಿದ್ಧ ಚೌಕಗಳ ಪಟ್ಟಿಯಲ್ಲಿ ಸೇರಿಸುತ್ತೇವೆ ಅಂದರು. ಒಬ್ಬಳು ತಮಿಳು ಅಂಕಿ, ಇನ್ನೊಬ್ಬ ಹಿಂದಿ ಅಂಕಿ ಅಂತ ಶುರುಮಾಡಿದರು. ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಅವರ ಟೀಮಿನ ಹಿರಿಯರು ನನ್ನ ಕಡೆ ತಿರುಗಿ, “ಇಂಥದ್ದು ಇನ್ನೇನಾದ್ರೂ ಕಂಡಿದೆಯಾ ನಿಮಗೆ?” ಅಂತ ಕೇಳಿದರು.

ನಾನು ಬ್ಯಾಗಿನಿಂದ ನೋಟ್‌ಬುಕ್ ತೆಗೆದೆ. ಮೂರು ವಾರದಿಂದ ದಿನಾ ಊಟದ ಹೊತ್ತಿನಲ್ಲಿ ಆ ಮೆನು ತೆರೆದು ಒಂದೊಂದೇ ಗುಂಡಿಯನ್ನು ಒತ್ತಿ ನೋಡಿ ಬರೆದಿಟ್ಟದ್ದು. ಒಂದನೆಯದನ್ನು ಓದಿದೆ. ಒಬ್ಬರು ಎದ್ದು ಗೋಡೆಯ ಬಿಳಿ ಬೋರ್ಡಿನ ಮೇಲೆ ಬರೆದರು. ಎರಡನೆಯದಕ್ಕೆ ಇಬ್ಬರು ಜಗಳಕ್ಕೇ ನಿಂತರು. ಐದನೆಯದು ಮುಗಿಯುವಷ್ಟರಲ್ಲಿ ಯಾರೋ ಬಾಗಿಲು ತೆರೆದು ಊಟಕ್ಕೆ ಹೋಗೋಣವಾ ಅಂತ ಕೇಳಿದರು. ಎಲ್ಲರೂ ನನ್ನ ಮುಖ ನೋಡಿದರು.

“ಇನ್ನೂ ಒಂಬತ್ತು ಇದೆ,” ಅಂದೆ.

ಹಿರಿಯರು ಕುರ್ಚಿಯನ್ನು ಬೋರ್ಡಿನ ಹತ್ತಿರಕ್ಕೆ ಎಳೆದುಕೊಂಡು ಕೂತರು. “ಊಟ ಇಲ್ಲಿಗೇ ತರಿಸಿ. ಆರನೇದು ಹೇಳಿ ಮೇಡಂ.”